ಜೊತೆಗೆ ಬಂದವರ ನಂಬರ್

ಅಥವಾ ಅದನ್ನು ಮೊದಲು ಕಂಡವಳು ಹೆಂಡತಿಯೇ ಇರಬೇಕು. ಡಾಕ್ಟರಿಗೆ ನಾನು ಹೇಳಿದ್ದು ಬೇರೆ: ದಾಡಿ ಮಾಡಿಕೊಳ್ಳುವಾಗ ಕೈಗೆ ಸಿಕ್ಕಿತು ಎಂದು. ಕಾಲೇಜಿನಲ್ಲಿ ಜೊತೆಯವರೊಬ್ಬರಿಗೆ ಹೇಳಿದ್ದು ಇನ್ನೂ ಬೇರೆ: ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದಾಗ ಕತ್ತು ಒತ್ತಿ ನೋವಾಯಿತು ಎಂದು. ಆದರೆ ಅದು ಯಾವತ್ತೂ ನೋಯಲಿಲ್ಲ. ನೋಯದೆ ಇರುವುದೇ ಒಳ್ಳೆಯದಲ್ಲ ಎಂದು ಆಮೇಲೆ ಫೋನಿನಲ್ಲಿ ಓದಿದೆ. ಹಾಗಾದರೆ ನೋವಾಯಿತು ಎಂದು ಯಾಕೆ ಹೇಳಿದೆ? ಹೆಂಡತಿಯ ಪ್ರಕಾರ ನಾನು ಊಟಕ್ಕೆ ಕುಳಿತಿದ್ದೆ, ರೊಟ್ಟಿ ಮುರಿಯಲು ಬಗ್ಗಿದೆ, ಅವಳು ನೋಡಿ "ರೀ, ಕುತಿಗ್ಯಾಗ ಏನದು?" ಎಂದಳು. ಮೂರೂ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿವೆ. ಮೂರೂ ನಿಜವಿರಲು ಸಾಧ್ಯವಿಲ್ಲ.

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ಎಡಗಡೆ, ದವಡೆಯ ಕೆಳಗೆ, ನೆನೆಸಿದ ಕಡಲೆಕಾಳಿನಷ್ಟು ದೊಡ್ಡ ಗಡ್ಡೆ. ನಮ್ಮಪ್ಪ ಕಾಳಿನ ವ್ಯಾಪಾರಿ. ಸಣ್ಣದನ್ನೆಲ್ಲ ಕಾಳಿಗೆ ಹೋಲಿಸುವ ಚಟ ಅವನಿಂದ ಬಂದದ್ದು.

ಹುಬ್ಬಳ್ಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರು ಆ ಜಾಗವನ್ನಷ್ಟೇ ಮರಗಟ್ಟಿಸಿ ಗಡ್ಡೆಯನ್ನು ಇಡಿಯಾಗಿ ತೆಗೆದರು. ಅರ್ಧ ತಾಸಿನ ಕೆಲಸ. ನಾನು ಹೊರಗೆ ಬಂದಾಗ ಹೆಂಡತಿಯ ಕೈಯಲ್ಲಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಯೊಂದಿತ್ತು. ಒಳಗೆ ನೀರಿನಂಥ ಔಷಧ, ಅದರಲ್ಲಿ ನನ್ನ ಗಡ್ಡೆ ತೇಲುತ್ತಿತ್ತು. ಇಲ್ಲ, ತಳದಲ್ಲಿ ಕುಳಿತಿತ್ತು. ಇಂಥ ಡಬ್ಬಿಯನ್ನು ಲ್ಯಾಬಿಗೆ ಮುಟ್ಟಿಸುವುದು ನಮ್ಮಲ್ಲಿ ರೋಗಿಯ ಜೊತೆಗೆ ಬಂದವರ ಕೆಲಸ. ಅವಳು ಅದನ್ನು ಚೀಲದಲ್ಲಿ ಕುಡಿಯುವ ನೀರಿನ ಬಾಟಲಿಯ ಪಕ್ಕ ಇಟ್ಟುಕೊಂಡಳು. ಆಟೋದಲ್ಲಿ ತಗ್ಗು ಬಂದಾಗೆಲ್ಲ ಚೀಲವನ್ನು ಮಡಿಲಿನಿಂದ ಮೇಲೆತ್ತಿ ಹಿಡಿಯುತ್ತಿದ್ದಳು.

"ಅಲುಗಾಡಿದ್ರ ಅದಕ್ಕ ಏನೂ ಆಗೂದಿಲ್ಲ" ಎಂದೆ.

"ಇರ್ಲಿ ಬಿಡ್ರಿ" ಎಂದಳು.

ಲ್ಯಾಬಿನ ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು. ಡಬ್ಬಿಯ ಮೇಲೆ ಚೀಟಿ ಅಂಟಿಸುತ್ತ, ತಲೆ ಎತ್ತದೆ ಕೇಳಿದಳು.

"ಪೇಶಂಟ್ ಯಾರ್ರಿ?"

"ನಾನ."

ಆಗ ತಲೆ ಎತ್ತಿ ಕತ್ತಿನ ಮೇಲಿನ ಪಟ್ಟಿ ನೋಡಿದಳು. ಹೆಸರು, ವಯಸ್ಸು ಬರೆದುಕೊಂಡಳು. "ಜೊತಿಗೆ ಬಂದವರ ನಂಬರ್ ಹೇಳ್ರಿ."

"ನಂದ ಬರ್ಕೊ."

"ನಿಮ್ದು ಬ್ಯಾಡ್ರಿ ಸರ್. ಜೊತಿಗೆ ಬಂದವರದು."

"ಅಲ್ಲ ತಂಗಿ, ಗಡ್ಡಿ ನಂದು, ರಿಪೋರ್ಟ್ ನಂದು. ನಂಬರ್ ಅಷ್ಟ ಬ್ಯಾರೇದವರದು ಯಾಕ?"

"ಇಲ್ಲಿ ಹಂಗ ರೂಢಿ ಐತ್ರಿ. ಪೇಶಂಟಿಗೆ ನೇರ ಕಳಿಸಿದ್ರ ಮನಿ ಮಂದಿ ಬಂದು ನಮ್ಮನ್ನ ಬೈತಾರ್ರಿ. ಹ್ವಾದ ವಾರ ಒಬ್ಬ ಅಜ್ಜಾರ ಮಗಳು ಬಂದು ಈ ಟೇಬಲ್ ಬಡದ ಬಡದ ಅತ್ತು ಹೋದ್ರು, ನಮ್ಮಪ್ಪಗ ಯಾಕ ಹೇಳಿದ್ರಿ ಅಂತ."

ಅಷ್ಟರಲ್ಲಿ ಹೆಂಡತಿ ತನ್ನ ನಂಬರ್ ಹೇಳತೊಡಗಿದ್ದಳು. ಹತ್ತು ಅಂಕಿ, ಎರಡೆರಡಾಗಿ, ಹಾಲಿನವನಿಗೆ ಹೇಳುವ ಹಾಗೆ.

"ಆರು ದಿನ ಆಗತೈತ್ರಿ. ಈ ಫೋನಿಗೆ ಬರತೈತಿ" ಎಂದಳು ಹುಡುಗಿ.

ನಾನು ಮತ್ತೆ ವಾದಿಸಲಿಲ್ಲ. ಈ ರೂಢಿ ನನಗೆ ಹೊಸದಲ್ಲ. ಏಳು ವರ್ಷದ ಹಿಂದೆ ಹೀಗೇ ಒಂದು ಕೌಂಟರಿನಲ್ಲಿ ನನ್ನ ಹತ್ತು ಅಂಕಿಗಳನ್ನು ಹೇಳಿದ್ದೆ. ಪಕ್ಕದಲ್ಲಿ ಅಪ್ಪ ನಿಂತಿದ್ದ. ಅವನೂ ವಾದಿಸಲಿಲ್ಲ.

ಆಗ ನಾವೆಲ್ಲ ಹುಬ್ಬಳ್ಳಿಯ ಕಮರಿಪೇಟೆಯ ಮನೆಯಲ್ಲಿದ್ದೆವು. ಅಪ್ಪ ಚೀಲದೊಳಗೆ ಕೈ ಹಾಕಿ ಜೋಳದ ಹಸಿ, ಅಂದರೆ ತೇವ, ಎಷ್ಟೆಂದು ಹೇಳುತ್ತಿದ್ದ. ಕನ್ನಡ, ಮರಾಠಿ ಸರಾಗ ಓದುತ್ತಿದ್ದ. ಇಂಗ್ಲಿಷು ಮಾತ್ರ ಬರುತ್ತಿರಲಿಲ್ಲ. ಹೊಟ್ಟೆಯೊಳಗೆ ಪೈಪು ಇಳಿಸಿ ಒಂದು ತುಣುಕು ತೆಗೆದಿದ್ದರು. ಅದರ ರಿಪೋರ್ಟು ನನ್ನ ಫೋನಿಗೆ ಬಂತು. ರಸ್ತೆಯ ಬದಿಗೆ ಸ್ಕೂಟರ್ ನಿಲ್ಲಿಸಿ ಓದಿದೆ. ಹಿಂದೆ ಕುಳಿತಿದ್ದವನು ಕಾಕಾ, ಅಪ್ಪನ ತಮ್ಮ. ಅವನಿಗೆ ಹೇಳಿದೆ. ಅವನು ಸ್ಕೂಟರಿನಿಂದ ಇಳಿಯಲೂ ಇಲ್ಲ.

"ಅಣ್ಣಗ ಹೇಳಬ್ಯಾಡ. ಹೇಳಿದ್ರ ಇವತ್ತ ಹಾಸಿಗಿ ಹಿಡೀತಾನ."

"ಮತ್ತ ಏನಂತ ಹೇಳೂದು?"

"ಹುಣ್ಣ ಐತಿ ಅನ್ನು. ಹುಣ್ಣಿಗೆ ಯಾರೂ ಅಂಜೂದಿಲ್ಲ."

ಆಮೇಲೆ, "ಬರಿಗೈಲೆ ಹ್ವಾದ್ರ ಅಂವ ನಂಬೂದಿಲ್ಲ. ನಡಿ, ಮಠಕ್ಕ ಹೋಗಿ ಕಾಯಿ ಒಡಿಸ್ಕೊಂಡ ಹೋಗೂಣು" ಎಂದ.

ನಮ್ಮ ಮನೆತನದಲ್ಲಿ ಒಳ್ಳೆಯ ಸುದ್ದಿ ಬಂದರೆ ಮನೆಗೆ ಹೋಗುವ ಮೊದಲು ಮಠದ ಗದ್ದುಗೆಗೆ ಕಾಯಿ ಒಡೆಸುತ್ತಾರೆ. ಪರೀಕ್ಷೆ ಪಾಸಾದರೆ, ಹೆಣ್ಣು ಗೊತ್ತಾದರೆ, ಹೆರಿಗೆ ಸಸೂತ್ರವಾದರೆ. ಮನೆಯವರು ಬಾಯಿ ತೆರೆಯುವ ಮೊದಲೇ ಕೈಯಲ್ಲಿನ ಕಾಯಿಯ ಹೋಳು ಸುದ್ದಿ ಹೇಳಿಬಿಡುತ್ತದೆ. ಕೆಟ್ಟ ಸುದ್ದಿಗೆ ಯಾರೂ ಕಾಯಿ ಒಡೆಸುವುದಿಲ್ಲ. ಹಾಗಾಗಿ ಕಾಕಾ ಒಡೆಸಿದ. ವಿಭೂತಿ ಹಚ್ಚಿಕೊಂಡು ಎರಡು ಹೋಳು ಹಿಡಿದು ಮುಂದೆ ಹೋದ, ನಾನು ಅಚ್ಚು ಹಾಕಿಸಿದ ಎರಡು ಹಾಳೆ ಹಿಡಿದು ಹಿಂದೆ ಹೋದೆ.

ಅಪ್ಪ ಕಾಯಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ "ಓದು. ಒಂದೊಂದ ಸಾಲ ಓದು" ಎಂದ.

ನಾನು ಹಾಳೆಯನ್ನು ಮುಖದ ಮುಂದೆ ಹಿಡಿದು ಅದರಲ್ಲಿ ಇಲ್ಲದ್ದನ್ನು ಓದಿದೆ. ಹುಣ್ಣು. ಊತ. ಔಷಧದಿಂದ ಮಾಯುತ್ತದೆ. ಅಪ್ಪ ಮಾದರಿ ಕಾಳು ನೋಡುವವನ ಹಾಗೆ ತಲೆ ವಾರೆ ಮಾಡಿ ಕೇಳುತ್ತಿದ್ದ.

"ಎರಡ ಹಾಳಿ ಐತಿ. ನೀ ಓದಿದ್ದು ನಾಕ ಸಾಲು."

"ಉಳಿದದ್ದು ಬರೇ ಡಾಕ್ಟರ ಹೆಸರು, ಡಿಗ್ರಿ, ವಿಳಾಸ."

"ಅದನ್ನೂ ಓದು."

ಓದಿದೆ. ಅಷ್ಟು ಮಾತ್ರ ಖರೇ ಇತ್ತು. ಅಪ್ಪ ನಕ್ಕ. "ಹುಣ್ಣಿಗಿಂತ ಇವರ ಡಿಗ್ರೀನ ಉದ್ದ ಅದಾವಲ್ಲೋ" ಎಂದ. ಕಾಯಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಮರುದಿನ ಆಸ್ಪತ್ರೆಯಲ್ಲಿ ಕಾಕಾ ಮೊದಲು ಒಳಗೆ ಹೋಗಿ ಬಂದ. ಆಮೇಲೆ ಅಪ್ಪ ಹೋದಾಗ ಡಾಕ್ಟರು ಹುಣ್ಣು ಎಂದೇ ಹೇಳಿದರು. ಐದನೆಯ ತಿಂಗಳಲ್ಲಿ ಅಪ್ಪ ತೀರಿಕೊಂಡ. ಅಷ್ಟು ದಿನಗಳಲ್ಲಿ ಆ ಹಾಳೆಗಳ ಬಗ್ಗೆ ಇನ್ನೊಮ್ಮೆ ಕೇಳಲಿಲ್ಲ. ಮಣ್ಣಿಗೆ ಬಂದ ನೆಂಟರು ನನ್ನ ಹೆಗಲು ತಟ್ಟಿ "ಛಲೋ ಸಂಬಾಳಿಸಿದಿ" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಅಪ್ಪ ಕಾಯಿ ಅಗಿಯುತ್ತಿದ್ದ ಆ ಚಿತ್ರದ ಮೇಲೆ ನನಗೆ ಯಾವ ಅನುಮಾನವೂ ಇರಲಿಲ್ಲ, ಹೋದ ತಿಂಗಳವರೆಗೆ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಆರು ದಿನಗಳ ಕ್ರಮ ನನಗೆ ಸರಿಯಾಗಿ ನೆನಪಿಲ್ಲ. ಹುಬ್ಬಳ್ಳಿಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಪಾಠ ಬರೆದಿಡುವ ಡೈರಿಯಲ್ಲಿ ಆ ದಿನಗಳಿಗೆ ಒಂದೊಂದೇ ಪದ ಬರೆದಿದ್ದೇನೆ. ಒಂದು ದಿನ "ಗಂಟಲು". ಒಂದು ದಿನ "ಬಲಗಡೆಯೂ". ಇನ್ನೊಂದು ದಿನ "ಇಲ್ಲ". ಏನು ಇಲ್ಲ? ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.

ಏನೇನು ಮಾಡಿದೆ ಎಂಬುದು ನೆನಪಿದೆ. ನಾವೀಗ ಇರುವುದು ಧಾರವಾಡದಲ್ಲಿ, ಕೆಲಗೇರಿ ಕೆರೆಯ ಹತ್ತಿರ. ಬೆಳಿಗ್ಗೆ ಕೆರೆಯ ದಂಡೆಗೆ ನಡೆಯಲು ಹೋಗುತ್ತಿದ್ದೆ. ಈ ತುದಿಯಿಂದ ಆ ತುದಿ ಮುಟ್ಟುವವರೆಗೆ ಕತ್ತು ಮುಟ್ಟಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿ. ಬಟ್ಟೆ ಒಗೆಯುವವರ ಕಲ್ಲು ದಾಟುವಷ್ಟರಲ್ಲಿ ಎಡಗೈ ತಾನಾಗಿಯೇ ಹೊರಗೆ ಬಂದಿರುತ್ತಿತ್ತು. ಹಿಂದಕ್ಕೆ ಹೋಗಿ ಮೊದಲಿನಿಂದ ಶುರು ಮಾಡುತ್ತಿದ್ದೆ. ಹೀಗೆ ಒಂದು ಬೆಳಿಗ್ಗೆ ಅದೇ ನೂರು ಹೆಜ್ಜೆಯನ್ನು ಎಷ್ಟು ಸಲ ನಡೆದೆನೋ, ಆ ತುದಿ ಮುಟ್ಟದೆಯೇ ಮನೆಗೆ ಬಂದೆ.

ಫೋನಿನಲ್ಲಿ ಹುಡುಕಬಾರದು ಎಂಬುದು ಇನ್ನೊಂದು ನಿಯಮ. ದಿನಕ್ಕೆ ಒಂದೇ ಪ್ರಶ್ನೆ ಎಂದು ಅದನ್ನು ಸಡಿಲಿಸಿದೆ. ಆಮೇಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಉತ್ತರ ಒಳ್ಳೆಯದಿದ್ದರೆ ಅದು ಬೇರೆಯವರ ಗಡ್ಡೆಯದು ಅನ್ನಿಸುತ್ತಿತ್ತು. ಕೆಟ್ಟದ್ದಿದ್ದರೆ ನನ್ನದೇ. ಬಸ್ಸಿನಲ್ಲಿ ಜನರ ಮುಖ ನೋಡುವುದು ನಿಂತುಹೋಗಿತ್ತು. ಬರೀ ಕತ್ತುಗಳು ಕಾಣುತ್ತಿದ್ದವು. ಎಷ್ಟೊಂದು ನಯವಾದ ಕತ್ತುಗಳು! ಧಾರವಾಡದಿಂದ ಹುಬ್ಬಳ್ಳಿಯವರೆಗೆ ಒಂದರ ಮೇಲೂ ಏನೂ ಇರುತ್ತಿರಲಿಲ್ಲ.

ನನ್ನ ಮೈಮೇಲೆ ಮಾತ್ರ ದಿನಕ್ಕೊಂದು ಹೊಸದು. ಬಲದವಡೆಯ ಕೆಳಗೆ ತೊಗರಿಯಷ್ಟು ಒಂದು. ಕಿವಿಯ ಹಿಂದೆ ಹೆಸರುಕಾಳಿನಷ್ಟು. ಕಂಕುಳಲ್ಲಿ ಒಂದು ಇದ್ದ ಹಾಗೆಯೂ ಇತ್ತು, ಇಲ್ಲದ ಹಾಗೆಯೂ ಇತ್ತು. ಎಲ್ಲವನ್ನೂ ಹೆಂಡತಿಯ ಬೆರಳು ಹಿಡಿದು ಮುಟ್ಟಿಸುತ್ತಿದ್ದೆ.

"ತೊಗರಿ ಆತು, ಹೆಸರ ಆತು" ಎಂದಳು ಒಂದು ಸಂಜೆ. "ಸಾಸಿವಿ ಒಂದ ಉಳದೈತಿ ನೋಡ್ರಿ. ಅದನ್ನೂ ಹುಡುಕಿದ್ರ ಕಿರಾಣಿ ಅಂಗಡಿ ಇಡಾಕ ಬರತೈತಿ."

ನಾನು ನಗಲಿಲ್ಲ. ಅವಳೂ ನಗಲಿಲ್ಲ, ಬೆರಳನ್ನು ಮಾತ್ರ ತೆಗೆಯಲಿಲ್ಲ.

ನಾನು ಕಾಯುತ್ತಿದ್ದುದು ರಿಪೋರ್ಟಿಗೆ ಎಂದು ಹೇಳಿದರೆ ಪೂರ್ತಿ ಸರಿಯಾಗುವುದಿಲ್ಲ. ಅವಳ ಫೋನಿಗೆ ಕಾಯುತ್ತಿದ್ದೆ. ಅದು ಅಡಿಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಗೆ ಆನಿಸಿರುತ್ತಿತ್ತು. ಮೂರನೆಯ ದಿನವೋ ನಾಲ್ಕನೆಯದೋ, ಅವಳು ಸ್ನಾನಕ್ಕೆ ಹೋದಾಗ ಅದು ಸದ್ದು ಮಾಡಿತು. ಓಡಿಹೋಗಿ ಎತ್ತಿಕೊಂಡೆ. ಅವಳು ಹೊರಗೆ ಬಂದಾಗಲೂ ನನ್ನ ಕೈಯಲ್ಲೇ ಇತ್ತು.

"ಗ್ಯಾಸ್ ಸಿಲಿಂಡರ್ ಬರತೈತಂತ" ಎಂದೆ.

"ನಿಮ್ಮ ಮಾರಿ ನೋಡಿದ್ರ ಯಮಾನ ಬಂದಂಗ ಐತಿ" ಎಂದಳು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಉಪ್ಪಿನ ಡಬ್ಬಿಗೆ ಆನಿಸಿದಳು.

ಆಗಲೇ ನಾನು ಕೇಳಿದ್ದು. "ಏನ ಬಂದ್ರೂ ಖರೇ ಹೇಳಬೇಕು ನೋಡು."

"ಹೇಳ್ತೇನಿ."

"ಹಂಗಲ್ಲ, ಆಣಿ ಮಾಡು."

ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಳ್ಳುತ್ತಿದ್ದವಳು ನಿಂತಳು. "ನೀವು ಮಾವಾರಿಗೆ ಹೇಳಿದ್ರೇನು?"

"ಅದಕ್ಕ ಕೇಳಾಕತ್ತೇನಿ."

"ಅವರೂ ನಿಮ್ಮನ್ನ ಕೇಳಿದ್ರು. ಒಂದೊಂದ ಸಾಲ ಓದು ಅಂದ್ರು. ನಾ ಅಲ್ಲೇ ಬಾಗಲದಾಗ ನಿಂತಿದ್ದೆ."

ಆಣೆ ಮಾಡಲಿಲ್ಲ. ಹೇಳುತ್ತೇನೆ ಎಂದು ಇನ್ನೊಮ್ಮೆ ಹೇಳಿದಳು, ಅಷ್ಟೆ. ಖರೇ ಹೇಳುವವರೂ ಅದನ್ನೇ ಹೇಳುತ್ತಾರೆ. ಅಪ್ಪನಿಗೆ ನಾನೂ ಅದನ್ನೇ ಹೇಳಿದ್ದೆ.

ರಿಪೋರ್ಟು ಬಂದದ್ದು ಆರನೆಯ ದಿನ. ನಾನು ಕಾಲೇಜಿನಿಂದ ಬಂದಾಗ ಮನೆಗೆ ಕೀಲಿ ಹಾಕಿತ್ತು. ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳು ಆಟೋದಿಂದ ಇಳಿದಳು. ಗೇಟಿನಿಂದಲೇ ಕೂಗಿದಳು.

"ಬಂತ್ರಿ! ಏನೂ ಇಲ್ಲಂತ. ಬರೇ ನಂಜಿನ ಗಡ್ಡಿ."

ಒಳಗೆ ಹೋಗಿ ಚೀಲವನ್ನು ಕಟ್ಟೆಯ ಮೇಲಿಟ್ಟು ಕಾಯಿಯ ಎರಡು ಹೋಳು ತೆಗೆದಳು. ಹಣೆಯ ಮೇಲೆ ವಿಭೂತಿ ಇತ್ತು.

ನಾನು ಆ ಹೋಳುಗಳನ್ನೇ ನೋಡುತ್ತ ನಿಂತೆ. "ಕಾಯಿ ಯಾಕ ಒಡಿಸಿದಿ?"

"ಯಾಕಂದ್ರ? ಛಲೋ ಸುದ್ದಿ ಬಂದ್ರ ಒಡಸೂದಿಲ್ಲೇನು?"

ಅವಳ ಮುಖ ತುಂಬ ಸಂತೋಷವಿತ್ತು. ಅಂಥ ಮುಖವನ್ನು ಹೇಗೆ ಮಾಡಬೇಕೆಂದು ನನಗೆ ಗೊತ್ತು.

ಫೋನು ಕೇಳಿದೆ. ತಡಮಾಡದೆ ಕೊಟ್ಟಳು. ಅಪ್ಪನಿಗೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ, ನನಗೆ ಬರುತ್ತದೆ. ಆ ಒಂದು ವ್ಯತ್ಯಾಸದ ಮೇಲೆ ಆರು ದಿನ ಭಾರ ಹಾಕಿದ್ದೆ. ಓದಿದೆ. ನಂಜಿನಿಂದ ಊದಿದ ಗಡ್ಡೆಯ ಲಕ್ಷಣಗಳು ಎಂದಿತ್ತು. ಕೆಟ್ಟ ಕಣಗಳ ಮಾತೇ ಇರಲಿಲ್ಲ; ಇವೆ ಎಂದೂ ಇರಲಿಲ್ಲ, ಇಲ್ಲ ಎಂದೂ ಇರಲಿಲ್ಲ. ಕೆಳಗೆ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಎರಡರಲ್ಲಿ ಒಂದನೆಯ ಹಾಳೆ ಎಂದಿತ್ತು.

"ಎರಡನೇದು ಎಲ್ಲಿ?"

"ಒಂದ ಬಂದೈತ್ರಿ."

ಬೆರಳಿನಿಂದ ಮೇಲೆ ಕೆಳಗೆ ಸರಿಸಿದೆ. ಒಂದೇ ಇತ್ತು. ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅದರಾಗ ಬರೇ ಡಾಕ್ಟರ ಹೆಸರು, ಡಿಗ್ರಿ, ವಿಳಾಸ ಇರತಾವೇನೋ" ಎಂದಳು.

ಹಾಗೆ ಎಂದಳೇ? ಅಥವಾ ನನ್ನ ಮಾತನ್ನು ನಾನೇ ಅವಳ ಬಾಯಿಗೆ ಹಾಕುತ್ತಿದ್ದೇನೆಯೇ? ಬರೆಯುತ್ತಿರುವಾಗ ಅವಳ ದನಿಯಲ್ಲೇ ಕೇಳಿಸುತ್ತಿದೆ. ಅದು ಸಾಕ್ಷಿಯಾಗುವುದಿಲ್ಲ.

ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರು ಅವಳ ಫೋನನ್ನೇ ನೋಡಿ, "ಏನೂ ಕಾಳಜಿ ಮಾಡಬ್ಯಾಡ್ರಿ, ಆರು ತಿಂಗಳಿಗೆ ಒಮ್ಮೆ ತೋರಸ್ರಿ" ಎಂದರು. ಹೊರಗೆ ಬಂದ ಮೇಲೆ ಅವಳು ಕೊಡೆ ಮರೆತೆ ಎಂದು ಒಳಗೆ ಹೋದಳು. ನಾನು ನಲವತ್ತರವರೆಗೆ ಎಣಿಸಿದೆ. ಕೊಡೆ ತರಲು ನಲವತ್ತು ಹೆಚ್ಚೋ ಕಡಿಮೆಯೋ, ಅದನ್ನು ಯಾರನ್ನು ಕೇಳುವುದು?

ಮುಂದಿನ ವಾರ, ಎರಡು ಪಾಠಗಳ ನಡುವಿನ ಬಿಡುವಿನಲ್ಲಿ ಒಬ್ಬನೇ ಲ್ಯಾಬಿಗೆ ಹೋದೆ. ಅದೇ ಹುಡುಗಿ. ಇನ್ನೊಂದು ಪ್ರತಿ ಬೇಕು ಎಂದೆ.

"ಫೋನಿಗೆ ಈಗ ಒಂದು ನಂಬರ್ ಬರತೈತ್ರಿ ಸರ್. ಅದನ್ನ ಹೇಳಿದ್ರ ತೆಗೆದು ಕೊಡ್ತೇನಿ" ಎಂದು ಏನನ್ನೋ ಒತ್ತಿದಳು.

ನನ್ನ ಕೈಯಲ್ಲಿದ್ದ ಫೋನು ಸದ್ದು ಮಾಡಲಿಲ್ಲ.

"ಜೊತಿಗೆ ಬಂದವರ ಫೋನಿಗೆ ಹೋಗಿರತೈತ್ರಿ. ಕೇಳಿ ಹೇಳ್ರಿ. ಹತ್ತು ಮಿನಿಟ್ ನಡೀತೈತಿ."

"ಎಷ್ಟ ಹಾಳಿ ಅದಾವ, ಅಷ್ಟರ ಹೇಳ ತಂಗಿ."

"ನಂಬರ್ ಹಾಕಿದ ಮ್ಯಾಲ ಕಾಣತೈತ್ರಿ ಸರ್. ಅಲ್ಲೀತನಕ ನನಗೂ ಕಾಣೂದಿಲ್ಲ."

ಹೆಂಡತಿಯ ನಂಬರ್ ತೆಗೆದು ಹೆಬ್ಬೆರಳನ್ನು ಅದರ ಮೇಲೆ ಹಿಡಿದೆ. ಕೇಳಿದರೆ ಹೇಳುತ್ತಾಳೆ. ತಟ್ಟನೆ ಹೇಳಿದರೆ ಮುಚ್ಚಿಡುವುದು ಏನೂ ಇಲ್ಲ ಎಂದಾಯಿತು. ಆದರೆ ಹೇಳುವ ಮೊದಲು ಒಂದು ಉಸಿರಿನಷ್ಟು ತಡೆದರೆ? ಕೈ ಒದ್ದೆ ಇದ್ದು ತಡೆದಿರಬಹುದು, ಒಲೆಯ ಮೇಲೆ ಹಾಲಿದ್ದು ತಡೆದಿರಬಹುದು. ಆ ಉಸಿರನ್ನು ಅಳೆಯುತ್ತ ನಾನು ಎಷ್ಟು ದಿನ ಬದುಕಬೇಕು? ಇನ್ನೂ ಒಂದು ಇತ್ತು. ಅವಳು ಹೇಳಿ, ಹುಡುಗಿ ತೆಗೆದು, ಎರಡನೆಯ ಹಾಳೆ ನನ್ನ ಕೈಗೆ ಬಂದರೆ, ಅದನ್ನು ನನಗೆ ಓದಿ ಹೇಳಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ನಾನೇ ಓದಬೇಕಿತ್ತು, ಇದ್ದದ್ದನ್ನೇ.

"ಟೈಮ್ ಆತ್ರಿ ಸರ್. ಮತ್ತ ಕಳಸ್ಲೇನು?" ಎಂದಳು ಹುಡುಗಿ.

ಬೇಡ ಎಂದು ಬಂದುಬಿಟ್ಟೆ.

ಅಂದರೆ ಆ ಮಧ್ಯಾಹ್ನ ಹೆಂಡತಿಯ ಫೋನಿಗೆ ನಂಬರ್ ಬಂದಿದೆ. ಲ್ಯಾಬಿನ ಹೆಸರಿನ ಸಮೇತ ಬಂದಿರುತ್ತದೆ. ನಾನು ಹೋಗಿದ್ದೆ ಎಂದು ಅವಳಿಗೆ ಗೊತ್ತು. ಅವತ್ತು ಊಟಕ್ಕೆ ಕುಳಿತಾಗ ಅವಳು ಕೇಳಿದ್ದು ಒಂದೇ.

"ಇನ್ನೊಂದ ರೊಟ್ಟಿ ಹಾಕ್ಲ್ಯಾ?"

ಹಾಕು ಎಂದೆ. ಅದಾಗಿ ಮೂರು ತಿಂಗಳಾಯಿತು. ಅವಳು ಈವರೆಗೂ ಕೇಳಿಲ್ಲ. ತಪ್ಪು ಮಾಡದವರೂ ನೊಂದುಕೊಂಡು ಹೀಗೆ ಸುಮ್ಮನಿರುತ್ತಾರೆ. ಬಚ್ಚಿಡುವವರೂ ಹೀಗೇ ಸುಮ್ಮನಿರುತ್ತಾರೆ. ರೊಟ್ಟಿಯ ಮೇಲೆ ಬೆಣ್ಣೆ ಈಗ ಮೊದಲಿಗಿಂತ ಹೆಚ್ಚು ಬೀಳುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಅಪ್ಪನ ಕೊನೆಯ ತಿಂಗಳುಗಳಲ್ಲಿ ನಾವೂ ಹಾಗೇ ಹಾಕುತ್ತಿದ್ದೆವು.

ಹೋದ ತಿಂಗಳು ಕಾಕಾ ಫೋನು ಮಾಡಿದ್ದ. ಅದೂ ಇದೂ ಮಾತಾದ ಮೇಲೆ ಕೇಳಿದೆ. "ಕಾಕಾ, ಅವತ್ತ ಅಪ್ಪನ ರಿಪೋರ್ಟ್ ಬಂದಾಗ ನೀ ಕಾಯಿ ಒಡಿಸಿದ್ದು ನೆನಪೈತೇನು?"

"ನಾ ಎಲ್ಲಿ ಒಡಿಸಿದ್ನೋ ತಮ್ಮಾ? ನೀನ ಒಡಿಸಿದ್ದಿ. ನಾ ಬ್ಯಾಡ ಅಂದೆ. ಸುಳ್ಳಿನೊಳಗ ದೇವರನ್ನ ಯಾಕ ಎಳೀತಿ ಅಂದೆ. ನೀ ಕೇಳಲಿಲ್ಲ."

"ನಾನ?"

"ಮತ್ತ್ಯಾರ? ಎರಡೂ ಹೋಳ ಅಣ್ಣನ ಮುಂದ ಇಟ್ಟಿ. ಅಂವ ನೋಡಿದ, ಮುಟ್ಟಲಿಲ್ಲ. ಇರುವಿ ಮುತ್ತಿದ ಮ್ಯಾಲ ನಿನ್ನ ಹೆಂಡ್ತಿ ಎತ್ತಿ ಹೊರಗ ಹಾಕಿದ್ಲು."

ಕಾಕಾನಿಗೆ ಎಂಬತ್ತು ಸಮೀಪಿಸಿದೆ. ಅದೇ ಫೋನಿನಲ್ಲಿ ಸ್ವಲ್ಪ ಹೊತ್ತಿನ ಮೊದಲು ನನ್ನನ್ನು ಎರಡು ಸಲ "ಅಣ್ಣಾ" ಎಂದು ಕರೆದಿದ್ದ. ಅವನ ನೆನಪನ್ನು ನಂಬುವ ಹಾಗಿಲ್ಲ. ನನ್ನದನ್ನು ನಂಬುವ ಹಾಗಿದೆಯೇ ಎಂದು ಹುಡುಕಿದೆ. ಕಣ್ಣು ಮುಚ್ಚಿದರೆ ಅಪ್ಪ ಈಗಲೂ ಕಾಯಿ ಅಗಿಯುತ್ತಾನೆ. ಅಗಿಯುವ ಸದ್ದು ಕೂಡ ಕೇಳುತ್ತದೆ. ಹೆಂಡತಿಯನ್ನು ಕೇಳಬಹುದು, ಅವಳು ಬಾಗಿಲಲ್ಲಿ ನಿಂತಿದ್ದಳು. ಆದರೆ ಅವಳನ್ನು ಏನಾದರೂ ಕೇಳುವುದನ್ನು ನಾನು ನಿಲ್ಲಿಸಿ ಮೂರು ತಿಂಗಳಾಗಿದೆ.

ಹೊಲಿಗೆಯ ಗುರುತಿನ ಕೆಳಗೆ ಈಗ ಮತ್ತೊಂದು ಇದೆ. ತೊಗರಿಗಿಂತ ಸಣ್ಣದು. ಗಾಯ ಮಾಯುವಾಗ ಹೀಗೆ ಗಂಟು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದರಂತೆ. ನನಗೆ ಹೇಳಲಿಲ್ಲ, ಕೊಡೆ ತರಲು ಹೋದಾಗ ಅವಳಿಗೆ ಹೇಳಿದರಂತೆ. ಆರು ತಿಂಗಳ ತಪಾಸಣೆಗೆ ಇನ್ನು ಮೂರು ತಿಂಗಳಿದೆ. ಆಗಲೂ ಅವಳೇ ಜೊತೆಗೆ ಬರುತ್ತಾಳೆ, ಅವಳ ನಂಬರೇ ಬರೆದುಕೊಳ್ಳುತ್ತಾರೆ.

ಎರಡನೆಯ ಹಾಳೆಯಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ಎರಡನೆಯ ಹಾಳೆ ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಆ ದಿನ ಅಪ್ಪ ಕಾಯಿ ತಿಂದನೋ, ನೋಡಿ ಸುಮ್ಮನಾದನೋ, ಅದು ಕೂಡ ನನಗೆ ಗೊತ್ತಿಲ್ಲ.